ದಂಟು ದೊಡ್ಡವರ ಪಾಲು

ನವೆಂಬರ್ ೧೨

ಬೀಗರಿಗೆ ನಮಸ್ಕಾರ.

ನಿಮ್ಮ ಬುಟ್ಟಿ ಬಂದು ತಲುಪಿತು. ಕಂಡಕ್ಟರ್ ಅದನ್ನು ಎಳೆ ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಕೊಟ್ಟ. ಹೂಕೋಸು, ಹಸಿ ಬಟಾಣಿ, ತಲೆಗೂದಲು ಸಮೇತ ಕ್ಯಾರೆಟ್ಟು, ಎಲ್ಲರೂ ಕ್ಷೇಮ. ಬಟಾಣಿಯ ನಡುವೆ ಟಿಕೆಟ್ ಇಲ್ಲದೆ ಪ್ರಯಾಣ ಮಾಡಿದ ಒಂದು ಬಸವನಹುಳುವನ್ನು ಹಿತ್ತಿಲಲ್ಲಿ ಇಳಿಸಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ನಿವೃತ್ತಿಯಾಗುವವರೆಗೂ ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತಿದ್ದವಳು. ಗಾಜಿನ ಆಚೆ ನಿಂತ ಗದ್ದಲಕ್ಕೆ ಕೇಳುವ ಹಾಗೆ ಮಾತಾಡಿ ಮಾತಾಡಿ, ಈಗ ಫೋನಿನಲ್ಲಿ ಪಿಸುಗುಟ್ಟಿದರೂ ಬೀದಿ ತುದಿಯ ಮನೆಯಿಂದ 'ಏನಂದ್ರಿ?' ಎಂದು ಉತ್ತರ ಬರುತ್ತದೆ. ಈ ವಿಷಯ ಬೀದಿ ತುದಿಗೆ ಹೋಗುವಂಥದ್ದಲ್ಲ. ನಿಮ್ಮ ಮಗಳ, ಅಂದರೆ ನನ್ನ ಸೊಸೆಯ ಕಿವಿಗೂ ಸದ್ಯಕ್ಕೆ ಬೇಡ. ಆದ್ದರಿಂದ ಇದು ಖಾಲಿ ಬುಟ್ಟಿಯ ಜತೆ ಬರುತ್ತಿದೆ.

ಅಷ್ಟು ವರ್ಷ ಊರಿನವರ ಪ್ರಶ್ನೆಗೆಲ್ಲ ಉತ್ತರ ಕೊಟ್ಟೆ. ಇನ್ನು ಕೇಳುವ ಸರದಿ ನನ್ನದು.

ಬುಟ್ಟಿ ಬಂದ ದಿನ ಸೊಸೆಯೇ ಅಡುಗೆ ಮಾಡಿದಳು. ಕಚೇರಿಯಲ್ಲಿ ದಿನವೆಲ್ಲ ಕಟ್ಟಡದ ನಕ್ಷೆ ಬರೆದು ಬಂದವಳು, 'ಇವತ್ತು ನಾನ್ ಮಾಡ್ತೀನಿ ಅತ್ತೆ, ಅಪ್ಪನ ತೋಟದ್ದು' ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಊಟಕ್ಕೆ ಕೂತೆವು. ಹೂಕೋಸಿನ ಬೆಳ್ಳನೆ ಹೂವೆಲ್ಲ ಅವಳ ತಟ್ಟೆಗೆ ಮತ್ತು ನನ್ನ ಮಗನ ತಟ್ಟೆಗೆ ಹೋಯಿತು. ನನ್ನ ತಟ್ಟೆಗೆ ಬಂದದ್ದು ದಂಟು. ಕಾಳು ಅವರಿಗೆ, ಬಟಾಣಿ ಸಿಪ್ಪೆ ನನಗೆ. ಕ್ಯಾರೆಟ್ಟು ಅವರಿಗೆ, ಅದರ ತಲೆಗೂದಲು ನನಗೆ. ಬಡಿಸುವಾಗ ಮುಖ ಅರಳಿಸಿಕೊಂಡು, 'ಇದು ನಿಮಗೇಂತ ಎತ್ತಿಟ್ಟಿದ್ದು ಅತ್ತೆ' ಎಂದಳು.

ನನ್ನ ಮಗ ಏನೂ ಗಮನಿಸಲಿಲ್ಲ. ಲಿಫ್ಟ್ ರಿಪೇರಿ ಮಾಡುವವನು ನೋಡಿ, ಮೇಲೆ ಕೆಳಗೆ ಬಿಟ್ಟರೆ ಅವನಿಗೆ ಅಕ್ಕಪಕ್ಕ ಕಾಣುವುದಿಲ್ಲ.

ನಾನು ತಿಂದೆನೋ ಬಿಟ್ಟೆನೋ ಅದು ಬೇರೆ ಮಾತು. ನನ್ನ ಪ್ರಶ್ನೆ ಇಷ್ಟೇ: ನಿಮ್ಮ ಮನೆಯಲ್ಲಿ ಇದು ಪದ್ಧತಿಯೇ?

ಉತ್ತರದ ನಿರೀಕ್ಷೆಯಲ್ಲಿ,
ನಿಮ್ಮ ಬೀಗಿತ್ತಿ


ನವೆಂಬರ್ ೨೦

ಬೀಗಿತ್ತಿಯವರಿಗೆ ನಮಸ್ಕಾರ.

ಕಾಗದ ಕಂಡು ಗಾಬರಿಯಾಯಿತು. ಹೆಣ್ಣು ಕೊಟ್ಟವನಿಗೆ ಬೀಗರ ಮನೆಯಿಂದ ಬರುವ ಲಕೋಟೆ, ಬಟ್ಟೆ ಹೊಲಿಸಿಕೊಂಡು ಹೋದ ಗಿರಾಕಿ ಮಾರನೇ ದಿನವೇ ತಿರುಗಿ ಬಂದ ಹಾಗೆ. ಎಲ್ಲಿ ಬಿಗಿಯಾಯಿತೋ, ಎಲ್ಲಿ ಸಡಿಲವಾಯಿತೋ! ನಿಮ್ಮದು ಬರಿಯ ದಂಟಿನ ವಿಷಯ ಎಂದು ತಿಳಿದ ಮೇಲೆ ಉಸಿರು ಬಂತು.

ಹೌದು, ನಮ್ಮ ಮನೆಯಲ್ಲಿ ದಂಟು ದೊಡ್ಡವರ ಪಾಲು. ಅದು ಮರ್ಯಾದೆಯ ಪಾಲು ಅಂದುಕೊಳ್ಳಿ. ದರ್ಜಿಯ ಮನೆಯಲ್ಲಿ ಚೂರುಬಟ್ಟೆಗೂ ಒಂದು ಗೌರವ ಇರುತ್ತದೆ. ಅಂಗಿ ಯಾರು ಬೇಕಾದರೂ ಹೊಲಿದಾರು, ಉಳಿದ ಚೂರಿನಲ್ಲಿ ಜೇಬು ಹೊಲಿಯುವವನೇ ದರ್ಜಿ. ಇದಕ್ಕಿಂತ ದೊಡ್ಡ ತತ್ವ ನನಗೆ ಗೊತ್ತಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ಎಲೆಕೋಸು ಮುಷ್ಟಿ ಬಿಗಿಯುತ್ತಿದೆ. ಅಂಗಡಿಯ ಹಿಂದಿನ ತುಂಡು ಜಾಗದಲ್ಲಿ ಈ ಸಲ ಬೀಟ್‌ರೂಟನ್ನೂ ಹಾಕಿದ್ದೇನೆ. ಮೊದಲ ಫಸಲು ನಿಮಗೇ.

ಒಂದು ಸಣ್ಣ ವಿಚಾರಣೆ ನನ್ನದೂ ಇದೆ. ದಾರ ಕತ್ತರಿಸುವ ನನ್ನ ಪುಟ್ಟ ಕತ್ತರಿ ಮಗಳ ಮದುವೆಯಾದಾಗಿನಿಂದ ಕಾಣುತ್ತಿಲ್ಲ. ಅವಳ ಸಾಮಾನಿನಲ್ಲಿ ಸೇರಿಕೊಂಡು ಬಂದಿದೆಯೇ, ದಯವಿಟ್ಟು ನೋಡಿ.

ಇಂತಿ,
ನಿಮ್ಮ ಬೀಗ


ಡಿಸೆಂಬರ್ ೯

ಬೀಗರೇ,

ಕತ್ತರಿ ಸಿಕ್ಕಿತು. ಅಡುಗೆಮನೆಯಲ್ಲಿ, ಚಮಚಗಳ ಡಬ್ಬಿಯೊಳಗೆ. ದಾರ ಕತ್ತರಿಸುವ ಕತ್ತರಿಗೆ ಚಮಚದ ಸಹವಾಸ ಯಾಕೆ? ನಿಮ್ಮ ಮನೆಯ ಬಗ್ಗೆ ನನ್ನ ಪ್ರಶ್ನೆಗಳು ಈಗ ಎರಡಾದವು.

ಮೊದಲನೆಯದಕ್ಕೆ ನೀವು ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಬಸ್ಸು ಯಾವಾಗ ಎಂದರೆ ರಸ್ತೆಯ ಚರಿತ್ರೆ ಹೇಳಿದ ಹಾಗಿದೆ. ಇಲ್ಲಿ ವಿಷಯ ಅಷ್ಟು ಹಗುರವಾಗಿ ಉಳಿದಿಲ್ಲ. ಬೀಟ್‌ರೂಟ್ ಬಂತು, ಅದರ ದಂಟು ನನಗೆ. ಎಲೆಕೋಸು ಬಂತು, ನಡುವಿನ ಗಟ್ಟಿ ದಿಂಡು ನನಗೆ. ಕಳೆದ ವಾರ ಎದುರುಮನೆ ಟೀಚರಮ್ಮ ಊಟದ ಹೊತ್ತಿಗೆ ಸರಿಯಾಗಿ ಮೊಸರು ಕೇಳಿಕೊಂಡು ಬಂದರು. ನನ್ನ ತಟ್ಟೆ ನೋಡಿ, 'ಏನ್ರೀ, ಮೇಕೆ ಸಾಕ್ತಿದ್ದೀರಾ?' ಎಂದರು. ಮೇಕೆ ನಾನೇ ಎಂದು ಹೇಗೆ ಹೇಳಲಿ?

ಇನ್ನು ಸತ್ಯ ಹೇಳಿಬಿಡುತ್ತೇನೆ. ಇವತ್ತಿನವರೆಗೆ ನಾನು ಅದರಲ್ಲಿ ಒಂದು ಚೂರನ್ನೂ ಬಾಯಿಗೆ ಹಾಕಿಲ್ಲ. ಸೊಸೆ ನೀರು ತರಲು ಎದ್ದ ಕೂಡಲೇ ಬಟ್ಟಲಿಗೆ ಬಗ್ಗಿಸಿ, ಆಮೇಲೆ ಕಿಟಕಿಯಿಂದ ಟೀಚರಮ್ಮನ ಕೋಳಿಗಳಿಗೆ ಹಾಕುತ್ತೇನೆ. ಕೋಳಿಗಳು ಈಗ ಹೊತ್ತಿಗೆ ಸರಿಯಾಗಿ ಕಿಟಕಿಯ ಕೆಳಗೆ ಕ್ಯೂ ನಿಲ್ಲುತ್ತವೆ. ಕಿಟಕಿಯ ಮುಂದೆ ಕ್ಯೂ ನಿಲ್ಲಿಸುವುದು ನನಗೆ ಹೊಸದಲ್ಲ ಬಿಡಿ.

ಆದರೆ ಟೀಚರಮ್ಮನ ಮಾತು ಒಳಗೇ ಕೂತಿತು. ಬರುವ ತಿಂಗಳ ಕೊನೆಗೆ ನನ್ನ ಹಳೆಯ ಸಹೋದ್ಯೋಗಿಗಳು ಊಟಕ್ಕೆ ಬರುತ್ತಾರೆ. ಅವರೆದುರು ಈ ಮರ್ಯಾದೆಯ ಪಾಲು ಬಡಿಸಿದರೆ ನಾನು ತಲೆ ಎತ್ತುವ ಹಾಗಿಲ್ಲ. ಅದಕ್ಕೆ ಅವಳಿಗೆ ಹೇಳಿದೆ: 'ಇನ್ಮೇಲೆ ಅಡುಗೆಮನೆ ನಾನ್ ನೋಡ್ಕೋತೀನಮ್ಮ. ನೀನು ಆರಾಮಾಗಿರು.' ಅವಳು ಚಾಕು ತೊಳೆದು, ಒರೆಸಿ, ಜಾಗದಲ್ಲಿಟ್ಟು ಹೊರಗೆ ಹೋದಳು. ಜಗಳ ಆಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ನಿನ್ನೆ ಮಗ ಹೇಳಿದ. ಅವಳ ಕಚೇರಿಯಲ್ಲಿ ಬೇರೆ ಊರಿನ ಕೆಲಸಕ್ಕೆ ಹೋಗುವವರ ಹೆಸರು ಕೇಳುತ್ತಿದ್ದಾರಂತೆ. ಫೆಬ್ರವರಿ ಮುಗಿಯುವುದರೊಳಗೆ ಕೊಡಬೇಕು. 'ನನ್ ಹೆಸರು ಕೊಡ್ಲಾ?' ಎಂದು ಇವನನ್ನು ಕೇಳಿದಳಂತೆ. 'ಕೊಡೋದಾದ್ರೆ ಕೊಡು' ಎಂದನಂತೆ ನನ್ನ ಮಹಾರಾಯ.

ಬೀಗರೇ, ತತ್ವ ಬೇಡ. ಅವಳು ಮಾಡುತ್ತಿದ್ದದ್ದು ಗೌರವವೋ ಅಣಕವೋ? ನಾನು ಆ ಮಗುವನ್ನು ತಪ್ಪು ತಿಳಿದಿದ್ದರೆ ಈಗಲೇ ಗೊತ್ತಾಗಬೇಕು.

ನಿಮ್ಮ ಬೀಗಿತ್ತಿ


ಡಿಸೆಂಬರ್ ೧೮

ಬೀಗಿತ್ತಿಯವರೇ,

ಅಣಕ ಅಲ್ಲ. ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟು ಹೇಳುತ್ತೇನೆ, ಅಲ್ಲ.

ನನ್ನ ಹೆಂಡತಿ ತೀರಿಕೊಂಡಾಗ ಮಗಳು ಇನ್ನೂ ಶಾಲೆಗೆ ಸೇರಿರಲಿಲ್ಲ. ತೋಟ ಅವಳಮ್ಮನದು. ಬಿಟ್ಟರೆ ಒಣಗುತ್ತದಲ್ಲ ಎಂದು ನಾನು ನೀರು ಹಾಕಿದೆ. ಆ ಚಳಿಗಾಲ ಒಂದೇ ಒಂದು ಹೂಕೋಸು ಬಂತು, ಮುಷ್ಟಿಯಷ್ಟು. ನನಗೆ ಬರುತ್ತಿದ್ದ ಅಡುಗೆ ಅಂದರೆ ಬೇಯಿಸುವುದು, ಬಸಿಯುವುದು, ಬೆಣ್ಣೆ ಹಾಕುವುದು. ಹೂವನ್ನು ಅವಳ ತಟ್ಟೆಗೆ ಹಾಕಿ, ದಂಟನ್ನು ನಾನು ಇಟ್ಟುಕೊಂಡೆ. ಅವಳು ಚಮಚ ಹಿಡಿದು ಕೂತುಬಿಟ್ಟಳು: 'ನಿಂಗೆ?' ನಾನು ಹೇಳಿದೆ, 'ನಂಗೆ ದಂಟು ಅಂದ್ರೆ ಪ್ರಾಣ ಕಣೇ. ಅದು ದೊಡ್ಡೋರ ಪಾಲು. ಕೇಳಿದ್ರೂ ಕೊಡಲ್ಲ.' ಆಮೇಲೇ ತಿಂದಳು.

ಅಷ್ಟೇ ನೋಡಿ. ಮಾರನೇ ವರ್ಷ ಗಿಡ ಜಾಸ್ತಿ ಬಂದರೂ ಆಡಿದ ಮಾತು ಹಿಂದಕ್ಕೆ ಹೋಗಲಿಲ್ಲ. ದಂಟು, ದಿಂಡು, ಸಿಪ್ಪೆ ಎಲ್ಲ ನನ್ನ ಹೆಸರಿಗೆ ಬರೆದಾಯಿತು. ಅವಳು ದೊಡ್ಡವಳಾಗಿ ತಾನೇ ನನ್ನ ಪಾಲು ಬೇಯಿಸಿ ಬಡಿಸುವ ಹೊತ್ತಿಗೆ ನಮ್ಮ ಮನೆಯಲ್ಲಿ ಅದು ಕಾನೂನಾಗಿತ್ತು. ಈಗ ಆ ಪಾಲು ನಿಮಗೆ ಬಂದಿದೆ. ತನ್ನ ಅಪ್ಪನಿಗೆ ಕೊಡುತ್ತಿದ್ದದ್ದನ್ನು ಅವಳು ನಿಮಗೆ ಕೊಡುತ್ತಿದ್ದಾಳೆ.

ನಿಜ ಏನೆಂದರೆ ನನಗೆ ದಂಟು ಕಂಡರೆ ಆಗದು. ಇದನ್ನು ಮೊದಲ ಸಲ ಒಬ್ಬರಿಗೆ ಹೇಳುತ್ತಿದ್ದೇನೆ.

ಕೈಮುಗಿದು ಕೇಳುತ್ತೇನೆ, ಇದು ಅವಳಿಗೆ ಗೊತ್ತಾಗುವುದು ಬೇಡ. ನಕ್ಷೆ ಬರೆಯುವವಳು, ಲೆಕ್ಕ ಹಾಕದೆ ಬಿಡುವುದಿಲ್ಲ. ಬಾಲ್ಯದಲ್ಲಿ ತಿಂದ ಒಂದೊಂದು ಹೂವೂ ಈಗ ಗಂಟಲಲ್ಲಿ ಸಿಕ್ಕಿಕೊಂಡೀತು. ಕಾರಣ ಹೇಳದೆಯೇ ಅವಳಿಗೆ ಅಡುಗೆಮನೆ ವಾಪಸ್ಸು ಕೊಡುವುದಕ್ಕೆ ಆಗುತ್ತದೆಯೇ, ನೋಡಿ.

ಇಂತಿ,
ನಿಮ್ಮ ಬೀಗ


ಜನವರಿ ೬

ಬೀಗರೇ,

ನಿಮ್ಮ ಕಾಗದ ಓದಿ ಎರಡು ದಿನ ನಾನು ಮೆಲ್ಲಗೆ ಮಾತಾಡಿದೆ. ಮೈ ಸರಿಯಿಲ್ಲವೇ ಎಂದು ಟೀಚರಮ್ಮ ವಿಚಾರಿಸಿಕೊಂಡು ಹೋದರು.

ಅಡುಗೆಮನೆ ವಾಪಸ್ಸು ಕೊಡಲು ನನಗೊಂದು ನೆಪ ಬೇಕಿತ್ತು. ಮೊಣಕೈ ನೋವು ತರಿಸಿಕೊಂಡೆ. 'ಚಾಕು ಹಿಡಿಯೋಕ್ ಆಗ್ತಿಲ್ಲ ಕಣಮ್ಮ' ಎಂದೆ. ಅವಳು ನನ್ನ ಮೊಣಕೈ ನೋಡಿದಳು, ಮುಖ ನೋಡಿದಳು, ಎದ್ದು ಒಳಗೆ ಹೋದಳು. ಮತ್ತೆ ದಂಟು ಬಂತು. ಕೋಳಿಗಳು ಕಿಟಕಿಯ ಕೆಳಗೆ ಹಾಜರ್. ನಾನು ಕಣ್ಣು ಮುಚ್ಚಿ ಒಂದು ತುಂಡು ಬಾಯಿಗೆ ಹಾಕಿಕೊಂಡೆ.

ಬೀಗರೇ, ನಿಮ್ಮ ನಾಲಿಗೆಯನ್ನು ಯಾವುದಾದರೂ ಡಾಕ್ಟರಿಗೆ ತೋರಿಸಿ. ಇದನ್ನೇ ನೀವು 'ಕಂಡರೆ ಆಗದು' ಅಂದದ್ದು? ಮೇಲಿನ ನಾರು ಸುಲಿದು, ಅಂಗಿಯ ಗುಂಡಿಯಷ್ಟು ತೆಳುವಾಗಿ ಹೆಚ್ಚಿ, ಉಪ್ಪುನೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಅಂಚು ಕೆಂಪಾಗುವವರೆಗೂ ಹುರಿದಿದ್ದಾಳೆ. ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಇಳಿಸುವಾಗ ನಿಂಬೆ. ಹೊರಗೆ ಗರಿಗರಿ, ಒಳಗೆ ಸಿಹಿ. ನಾನು ತಟ್ಟೆ ಒರೆಸಿದ ಹಾಗೆ ತಿಂದೆ. ಕೋಳಿಗಳು ಬಹಳ ಹೊತ್ತು ಪ್ರತಿಭಟನೆ ಮಾಡಿ ಚದುರಿದವು. ಒಂದು ತಿಂಗಳು ಎಂಥದ್ದನ್ನು ಕಿಟಕಿಯಾಚೆ ಸುರಿದೆನಲ್ಲ ಎಂದು ನನಗೆ ಹೊಟ್ಟೆಯುರಿ.

ಆದರೆ ಅದೇ ದಿನ ಅವಳ ತಟ್ಟೆಯ ಹೂವನ್ನೂ ರುಚಿ ನೋಡಿದೆ. ಬೆಂದು ಬೆಂದು ಬಟ್ಟೆಯ ಮುದ್ದೆಯಾಗಿತ್ತು! ಉಪ್ಪೂ ಇಲ್ಲ. ಹೂವು ಬೇಯಿಸಲು ಬಾರದ ಹುಡುಗಿ ದಂಟಿನಲ್ಲಿ ಇಷ್ಟು ಪಳಗಿದ್ದು ಹೇಗೆ? ತಾಯಿ ಇರಲಿಲ್ಲ. ತಂದೆಗೆ ಬೇಯಿಸುವುದು ಬಸಿಯುವುದು ಬಿಟ್ಟರೆ ಗೊತ್ತಿಲ್ಲ. 'ಯಾರು ಕಲಿಸಿದ್ರಮ್ಮ?' ಎಂದು ಕೇಳಿದೆ. 'ಯಾರೂ ಇಲ್ಲ ಅತ್ತೆ. ಹಂಗೇ' ಎಂದಳು.

ವಿಚಾರಣೆ ಕಿಟಕಿಗೆ ಬಂದು 'ಹಂಗೇ ಬಂದೆ' ಅನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಅವರ ಹತ್ತಿರ ಯಾವಾಗಲೂ ಏನೋ ಇರುತ್ತದೆ. ನಿಮಗೆ ಗೊತ್ತಿದ್ದರೆ ಬರೆಯಿರಿ.

ಕುತೂಹಲದಿಂದ,
ನಿಮ್ಮ ಬೀಗಿತ್ತಿ


ಜನವರಿ ೧೫

ಬೀಗಿತ್ತಿಯವರೇ,

ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ಇನ್ನೂ ಒಂದಿದೆ.

ಮಗಳ ಮದುವೆಯಾದ ಮೇಲೆ ತೋಟದ ಹೂವೆಲ್ಲ ನನ್ನದೇ ಆಯಿತಲ್ಲ, ಇನ್ನಾದರೂ ರಾಜನ ಹಾಗೆ ತಿನ್ನೋಣ ಎಂದು ಈ ಚಳಿಗೆ ಮೊದಲು ಬಿಟ್ಟ ಹೂಕೋಸನ್ನು ಇಡಿಯಾಗಿ ಬೇಯಿಸಿ, ಬೆಣ್ಣೆ ಹಾಕಿ ಕೂತೆ. ಎರಡು ತುತ್ತು ಹೋಯಿತು. ಆಮೇಲೆ ಹೋಗಲಿಲ್ಲ. ಹತ್ತಿ ತಿಂದ ಹಾಗೆ. ಮೋರಿಯ ಪಕ್ಕ ಬಿಸಾಡಿದ್ದ ದಂಟನ್ನು ತಂದು, ತೊಳೆದು, ಬೇಯಿಸಿದೆ. ಅದು ಹಗ್ಗ. ಅದೂ ಹೋಗಲಿಲ್ಲ. ಆಗ ಹೊಟ್ಟೆ ಸರಿಯಿಲ್ಲ ಅಂದುಕೊಂಡೆ. ನಿಮ್ಮ ಕಾಗದದಲ್ಲಿ ಬೆಳ್ಳುಳ್ಳಿ, ನಿಂಬೆ ಎಂದು ಓದುವಾಗ ಬಾಯಲ್ಲಿ ನೀರೂರಿತು. ಕೈಯಲ್ಲಿದ್ದ ಅಂಗಿಯ ತೋಳನ್ನು ಕಾಲರಿಗೆ ಸೇರಿಸಿಬಿಟ್ಟೆ.

ಆ ರುಚಿ ನನಗೆ ಗೊತ್ತು. ಮೊದಮೊದಲು ಹಗ್ಗವೇ ತಿಂದದ್ದು ನಿಜ. ಅದು ಯಾವಾಗ ಹಗ್ಗವಲ್ಲದೆ ಹೋಯಿತು ಎಂದು ನೆನಪಿಗೆ ಬರುತ್ತಿಲ್ಲ. 'ನನಗೆ ಆಗದು' ಎಂದು ಒಳಗೊಳಗೇ ಹೇಳಿಕೊಳ್ಳುತ್ತಾ, ತಟ್ಟೆಯನ್ನು ನಾನು ಗಮನಿಸಲೇ ಇಲ್ಲವೋ ಏನೋ.

ನೀವು ವಿಚಾರಣೆಯಲ್ಲಿ ಪಳಗಿದವರು. ಕಂಡುಹಿಡಿಯಿರಿ.

ಇಂತಿ,
ನಿಮ್ಮ ಬೀಗ


ಫೆಬ್ರವರಿ ೩

ಬೀಗರೇ,

ಕಂಡುಹಿಡಿದೆ.

ನನ್ನ ಸಹೋದ್ಯೋಗಿಗಳು ಊಟಕ್ಕೆ ಬಂದ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ನಾನು, ಸೊಸೆ ಇಬ್ಬರೇ. ಅವಳು ಬಟಾಣಿ ಸಿಪ್ಪೆ ಬಿಡಿಸುತ್ತಿದ್ದಳು, ನಿಮ್ಮ ಕತ್ತರಿಯಿಂದ! ಸಿಪ್ಪೆಯ ತುದಿ ಕತ್ತರಿಸಿ, ಒಳಮೈಗೆ ಹಾಳೆಯಂತೆ ಅಂಟಿಕೊಂಡಿರುವ ಪೊರೆಯನ್ನು ಕೋಟಿನ ಲೈನಿಂಗ್ ಬಿಚ್ಚಿದ ಹಾಗೆ ಸರ್ರನೆ ಎಳೆಯುತ್ತಾಳೆ. ಹಲ್ಲಿಗೆ ಸಿಕ್ಕುವುದು ಆ ಪೊರೆಯಂತೆ, ಅದು ಹೋದರೆ ಸಿಪ್ಪೆ ಬೆಣ್ಣೆ.

'ಇದನ್ನೂ ಹಂಗೇ ಕಲಿತ್ಯಾ?' ಎಂದೆ.

ನಕ್ಕಳು. 'ಅಪ್ಪನಿಗೆ ಹೇಳ್ಬೇಡಿ ಅತ್ತೆ.'

'ಹೇಳಲ್ಲ, ಹೇಳು.'

'ಮೂರನೇ ಕ್ಲಾಸಲ್ಲಿದ್ದೆ. ಒಂದಿನ ಅಪ್ಪ ದಂಟು ತಿನ್ನೋವಾಗ ನೋಡ್ದೆ. ಹೊಲಿಯೋವಾಗ ಬೆರಳಿಗೆ ಸೂಜಿ ಚುಚ್ಚಿದ್ರೆ ಒಂದು ಮುಖ ಮಾಡ್ತಾರೆ, ಸದ್ದಿಲ್ದೆ. ಅದೇ ಮುಖ.'

'ಅವತ್ತೇ ಕೇಳ್ಬಹುದಿತ್ತಲ್ಲ?'

'ಕೇಳಿದ್ರೆ ಒಪ್ಕೋತಿರ್ಲಿಲ್ಲ. ಇನ್ನೂ ಜೋರಾಗಿ ಚಪ್ಪರಿಸೋರು ಅಷ್ಟೇ, ಪಾಪ. ಅದಕ್ಕೆ ಹೂವು ನಾನು ತಿಂದೆ. ದಂಟನ್ನ ಹೆಂಗಾದ್ರೂ ಮಾಡಿ ಚೆನ್ನಾಗ್ ಮಾಡ್ಬೇಕು ಅನ್ಕೊಂಡೆ. ಮೊದ್ಲು ಸುಟ್ಟೋಯ್ತು. ಆಮೇಲೆ ಉಪ್ಪು ಜಾಸ್ತಿ. ಒಂದ್ಸಲ ಸಕ್ಕರೆನೂ ಹಾಕಿದ್ದೆ, ಅದನ್ನೂ ತಿಂದ್ರು. ಹೈಸ್ಕೂಲಿಗ್ ಬರೋ ಹೊತ್ತಿಗೆ ಸರಿಯಾಯ್ತು.'

'ಹೂವು ಮಾಡೋದನ್ನ ಕಲೀಲಿಲ್ವಾ?'

'ಅದನ್ನ ಅಪ್ಪ ಮಾಡ್ತಿದ್ರಲ್ಲ, ನಂಗೇಂತ.' ಕತ್ತರಿ ಒರೆಸುತ್ತಾ ಹೇಳಿದಳು: 'ನಂಗೆ ಚೆನ್ನಾಗಿ ಬರೋ ಅಡುಗೆ ಇದೊಂದೇ ಅತ್ತೆ. ಅದಕ್ಕೇ ನಿಮಗೆ ಬಡಿಸಿದ್ದು. ನಿಮಗೆ ಹಿಡಿಸ್ಲಿಲ್ಲ ಅಂತ ಗೊತ್ತಿತ್ತು. ಕೋಳಿಗಳನ್ನ ನೋಡಿದ್ದೆ.'

ಅವಳ ಕೈಯಿಂದ ಬಟಾಣಿ ಸಿಪ್ಪೆ ತೆಗೆದುಕೊಂಡು ಪೊರೆ ಎಳೆಯುವುದು ಹೇಗೆಂದು ತೋರಿಸು ಎಂದೆ. ನನಗೆ ಬರಲಿಲ್ಲ. 'ಮೊಣಕೈ ನೋವಲ್ವಾ, ಬಿಡಿ' ಎಂದಳು, ಮುಖ ಬೇರೆ ಕಡೆ ತಿರುಗಿಸಿ.

ಊಟಕ್ಕೆ ಬಂದವರು ಎರಡೆರಡು ಸಲ ಹಾಕಿಸಿಕೊಂಡರು. ನಿಲ್ದಾಣದ ಧ್ವನಿವರ್ಧಕದಲ್ಲಿ ಬಸ್ಸಿನ ಹೊತ್ತು ಕೂಗುತ್ತಿದ್ದ ಗೆಳತಿ, ಎದುರುಮನೆಗೆ ಕೇಳುವ ಹಾಗೆ, 'ಇದು ಯಾವ ತರಕಾರಿ?' ಎಂದು ಕೂಗಿದಳು. ಟೀಚರಮ್ಮನ ಕಿಟಕಿ ತೆರೆಯಿತು. ನನಗೆ ತೃಪ್ತಿಯಾಯಿತು.

ಅವಳು 'ಅಪ್ಪನಿಗೆ ಹೇಳ್ಬೇಡಿ' ಅಂದಳು, ನೀವು 'ಅವಳಿಗೆ ಹೇಳ್ಬೇಡಿ' ಅಂದಿರಿ. ನಾನು ಯಾರಿಗೂ ಹೇಳಿಲ್ಲ. ಬರೆದಿದ್ದೇನೆ, ಅಷ್ಟೇ.

ಆದರೆ ಕಚೇರಿಗೆ ಹೆಸರು ಕೊಡುವ ಮಾತನ್ನು ಅವಳು ಇನ್ನೂ ಬಿಟ್ಟಿಲ್ಲ. ಕೋಳಿಗಳನ್ನು ನೋಡಿದವಳನ್ನು 'ಇರು' ಎನ್ನಲು ನನಗೆ ಯಾವ ಬಾಯಿದೆ? ಸೀಸನ್ನಿನ ಕೊನೆಯ ಹೂಕೋಸು ತೆಗೆದುಕೊಂಡು ನೀವೇ ಬನ್ನಿ. ಹೂವು ನೀವು ಮಾಡಿ, ದಂಟು ಅವಳು ಮಾಡಲಿ, ತಿನ್ನುವ ಕಷ್ಟ ನನಗಿರಲಿ.

ನಿಮ್ಮ ಬೀಗಿತ್ತಿ


ಫೆಬ್ರವರಿ ೧೨

ಬೀಗಿತ್ತಿಯವರೇ,

ಸಕ್ಕರೆ ಹಾಕಿದ್ದು ನೆನಪಿದೆ.

ಕಾಗದ ಓದಿದ ದಿನ ಅಂಗಡಿ ಬೇಗ ಮುಚ್ಚಿದೆ. ಹೆಚ್ಚಿಗೆ ಬರೆಯಲು ಬರುತ್ತಿಲ್ಲ. ಬರುತ್ತೇನೆ, ಕೊನೆಯ ಭಾನುವಾರ.

ಒಂದೇ ಒಂದು ಪೇಚಾಟ. ದಂಟು ನನಗೆ ನಿಜವಾಗಿಯೂ ಇಷ್ಟ ಎಂದು ಈಗ ಗೊತ್ತಾಗಿದೆ. ಅದನ್ನು ಅವಳಿಗೆ ಹೇಳಬೇಕು ಅನ್ನಿಸುತ್ತಿದೆ. ಆದರೆ ಇಷ್ಟು ವರ್ಷ ಅದನ್ನೇ ಹೇಳುತ್ತಾ ಬಂದಿದ್ದೇನೆ, ಅವಳು ಮೂರನೇ ಕ್ಲಾಸಿನಿಂದ ಒಂದು ದಿನವೂ ನಂಬಿಲ್ಲ. ಸುಳ್ಳಿಗೆ ಹೊಲಿದ ಅಂಗಿ ನಿಜಕ್ಕೂ ಸರಿಯಾಗಿ ಕೂತರೆ ಗಿರಾಕಿಗೆ ತೋರಿಸುವುದು ಹೇಗೆ?

ಇಂತಿ,
ನಿಮ್ಮ ಬೀಗ


ಮಾರ್ಚ್ ೪

ಬೀಗರಿಗೆ,

ಇದು ಲಿಖಿತ ದೂರು. ದೂರು ಕೊಟ್ಟವಳು ನಾನು, ಆರೋಪಿ ನೀವು. ನೀವು ಬಸ್ಸು ಹತ್ತುವ ಅವಸರದಲ್ಲಿದ್ದುದರಿಂದ ಅವತ್ತೇ ಸಲ್ಲಿಸಲು ಆಗಲಿಲ್ಲ.

ಭಾನುವಾರ ಮಧ್ಯಾಹ್ನ ನನ್ನ ಸೊಸೆ ಬಡಿಸಲು ಬಂದು, 'ಈ ಮನೇಲಿ ಅತ್ತೆನೇ ದೊಡ್ಡೋರು. ದಂಟು ಅತ್ತೆಗೆ. ಅಪ್ಪಾ, ಇವತ್ತು ನಿಮಗೆ ಹೂವು' ಎಂದು ನಿಮ್ಮ ತಟ್ಟೆಯ ತುಂಬ ಬೆಳ್ಳಗೆ ಹಾಕಿದಳು. ಹಾಗೆ ಹಾಕಲು ಎಷ್ಟು ವರ್ಷದಿಂದ ಒಂದು ನೆಪಕ್ಕಾಗಿ ಕಾಯುತ್ತಿದ್ದಳೋ, ಆ ಮುಖ ನೋಡಿದವರಿಗೆ ಗೊತ್ತು. ನೀವು ತಲೆ ತಗ್ಗಿಸಿ ತಿಂದಿರಿ. ನಾನು ಎದುರಿಗೇ ಕೂತಿದ್ದೆ. ಬೆರಳಿಗೆ ಸೂಜಿ ಚುಚ್ಚಿದ ಮುಖ ಅಂದರೆ ಏನೆಂದು ನನಗೆ ಆಗ ಅರ್ಥವಾಯಿತು. ನಿಮ್ಮದೇ ಕೈಯಡುಗೆ, ಆದರೂ!

ಅವಳು ನೀರು ತರಲು ಒಳಗೆ ಹೋದಳು. ನನ್ನ ಮಗ ಮೇಲೆ ಫ್ಯಾನ್ ನೋಡುತ್ತಿದ್ದ. ಆಗ ನಿಮ್ಮ ಬಲಗೈ ಮೇಜು ದಾಟಿ, ಹೆಣ್ಣು ಕೊಟ್ಟ ಮನೆ ಎಂಬ ಸಂಕೋಚವೂ ಇಲ್ಲದೆ, ನನ್ನ ತಟ್ಟೆಯಿಂದ ಕೆಂಪಗೆ ಹುರಿದ ದಂಟನ್ನು ಎತ್ತಿತು. ಒಂದಲ್ಲ. ಎರಡನೆಯದು ಬಾಯಿಗೆ ಹೋಗುವಾಗ ಅವಳು ನೀರಿನ ಜಗ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

'ಅಪ್ಪಾ!'

'ಏನಿಲ್ಲ ಕಣೇ. ಒಂದೇ ಒಂದು.'

'ಅತ್ತೆ ತಟ್ಟೆಯಿಂದಾನಾ?'

ನಿಮ್ಮ ಬಾಯಿ ತುಂಬಿತ್ತು. ಅವಳು ಹತ್ತಿರ ಬಂದು ನಿಮ್ಮ ಮುಖವನ್ನೇ ನೋಡಿದಳು, ತಾನು ಬರೆದ ನಕ್ಷೆಗೆ ಕಟ್ಟಡ ಹೊಂದುತ್ತದೋ ಇಲ್ಲವೋ ಎಂದು ನೋಡುವ ಹಾಗೆ. ಸೂಜಿ ಎಲ್ಲೂ ಇರಲಿಲ್ಲ. ಅಂಗಡಿಯ ಮಿಠಾಯಿ ಕದ್ದು ಸಿಕ್ಕಿಬಿದ್ದವರ ಮುಖವಿತ್ತು. ಅವಳು ಜಗ್ ಕೆಳಗಿಟ್ಟು ಒಳಗೆ ಹೋದಳು. ಬಾಣಲೆಯನ್ನೇ ಎತ್ತಿಕೊಂಡು ಬಂದು ನಿಮ್ಮ ಮುಂದೆ ಇಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಪಾತ್ರೆ ತೊಳೆದಳು. ಪಾತ್ರೆ ನಾನು ಆಗಲೇ ತೊಳೆದಿದ್ದೆ.

ನೀವು ಕೇಳಿದ್ದಿರಲ್ಲ, ನಂಬಿಸುವುದು ಹೇಗೆ ಎಂದು? ಇಷ್ಟ ಎಂದವರನ್ನು ನಂಬದಿರಬಹುದು, ಬೀಗರ ತಟ್ಟೆಗೆ ಕೈ ಹಾಕಿದವರನ್ನು ನಂಬಲೇಬೇಕಾಗುತ್ತದೆ. ಆದರೂ ದೂರು ದೂರೇ. ಎರಡು ತುಂಡು ದಂಟು ನನಗೆ ವಾಪಸ್ಸಾಗಬೇಕು.

ಫೆಬ್ರವರಿ ಮುಗಿಯಿತು. ಅವಳು ಹೆಸರು ಕೊಡಲಿಲ್ಲ. ಯಾಕೆ ಎಂದು ನಾನು ಕೇಳಿದೆ, ಕೇಳದೆ ಇರಲು ನನ್ನಿಂದ ಆಗುತ್ತದೆಯೇ? 'ಹಂಗೇ ಅತ್ತೆ' ಎಂದಳು. ನಾನು ಮುಂದೆ ವಿಚಾರಿಸಲಿಲ್ಲ. ಹೂವು ಬೇಯಿಸುವುದನ್ನು ಈಗ ನಾನೇ ಅವಳಿಗೆ ಕಲಿಸುತ್ತಿದ್ದೇನೆ. ಉಪ್ಪು ಹಾಕಲು ಇನ್ನೂ ಮರೆಯುತ್ತಾಳೆ.

ನೀವು ತಂದ ಸೌತೆ, ಕುಂಬಳದ ಬೀಜ ಹಿತ್ತಿಲಲ್ಲಿ ಊರಿದ್ದೇವೆ. ಕುಂಬಳದ ಸಿಪ್ಪೆ ಯಾರ ಪಾಲು ಎಂಬ ಬಗ್ಗೆ ಮಾತುಕತೆ ನಡೆದಿದೆ.

ಟೀಚರಮ್ಮನ ಕೋಳಿಗಳು ಮಾತ್ರ ಇವತ್ತಿಗೂ ಹೊತ್ತಿಗೆ ಸರಿಯಾಗಿ ಕಿಟಕಿಯ ಕೆಳಗೆ ಬಂದು ನಿಲ್ಲುತ್ತವೆ, ಕತ್ತು ಎತ್ತಿ ನನ್ನನ್ನೇ ನೋಡುತ್ತವೆ. ಆ ಬಸ್ಸು ರದ್ದಾಗಿದೆ ಎಂದು ಅವಕ್ಕೆ ಹೇಗೆ ಹೇಳಲಿ?

ನ್ಯಾಯ ಬಯಸುವ,
ನಿಮ್ಮ ಬೀಗಿತ್ತಿ